ಎಫ್ ಕೂರುವವರೆಗೆ

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಮತ್ತು ಪೀಣ್ಯದ ಪಿಜಿಗಳಲ್ಲಿ, ಅಂದರೆ ಊಟವನ್ನೂ ವಸತಿಯನ್ನೂ ಒಟ್ಟಿಗೆ ಒದಗಿಸುವ, ಗೋಡೆಗಳಿಗಿಂತ ನಿಯಮಗಳೇ ದಪ್ಪವಾಗಿರುವ ಬಾಡಿಗೆ ಕಟ್ಟಡಗಳಲ್ಲಿ, ಹೊಸದಾಗಿ ಗಿಟಾರ್ ಹಿಡಿದವನು ಸಾಮಾನ್ಯವಾಗಿ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬಿದ್ದಿರುತ್ತಾನೆ. ಮೊದಲ ಅಪ್ರೈಸಲ್ ಮುಗಿದು ಸಂಬಳ ತುಸು ಏರಿದ ತಿಂಗಳಿನಲ್ಲಿ, ಆನ್‌ಲೈನ್ ರಿಯಾಯಿತಿಯ ರಾತ್ರಿಯೊಂದರಲ್ಲಿ, ಚೀಲ, ಪಟ್ಟಿ, ತಂತಿ ಮೀಟುವ ಪ್ಲಾಸ್ಟಿಕ್ಕಿನ ಪಿಕ್ ಸಮೇತ ಅವನು ವಾದ್ಯವನ್ನು ತರಿಸಿಕೊಳ್ಳುತ್ತಾನೆ. ಮರುದಿನವೇ ಅದನ್ನು ತಬ್ಬಿ ಕುಳಿತ ಅವನ ಚಿತ್ರ ಊರಿನ ಬಂಧುಗಳ ವಾಟ್ಸಾಪ್ ಗುಂಪಿಗೆ ತಲುಪಿ, ಮದುವೆಯಲ್ಲಿ ಹಾಡಬೇಕೆಂಬ ಆಹ್ವಾನವೂ ಬಂದುಬಿಡುತ್ತದೆ.

ಅವನ ಧೈರ್ಯಕ್ಕೆ ಶಾಸ್ತ್ರಾಧಾರವಿದೆ. ರಾಗಸಂಗೀತದಲ್ಲಿ ಸ್ವರಗಳು ಒಂದರ ನಂತರ ಒಂದು ಬಂದರೆ, ಕಾರ್ಡ್ ಎಂಬುದರಲ್ಲಿ ಕನಿಷ್ಠ ಮೂರು ಸ್ವರಗಳು ಏಕಕಾಲಕ್ಕೆ ನುಡಿಯುತ್ತವೆ. ಜಿ, ಸಿ, ಡಿ ಮತ್ತು ಇ ಮೈನರ್ ಎಂಬ ನಾಲ್ಕು ಕಾರ್ಡುಗಳು ಬಂದರೆ ಲೆಕ್ಕವಿಲ್ಲದಷ್ಟು ಚಿತ್ರಗೀತೆಗಳನ್ನು ನಿಭಾಯಿಸಬಹುದೆಂದು ಮೊಬೈಲಿನೊಳಗಿನ ಗುರುಗಳು ಹೇಳುತ್ತಾರೆ, ಅದು ಸತ್ಯವೂ ಹೌದು. ಅವರು ಮೆಲ್ಲಗೆ ದಾಟಿಸಿಬಿಡುವ ಸಂಗತಿಯೆಂದರೆ, ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಬೆರಳುಗಳು ವಲಸೆ ಹೋಗಬೇಕಾದ ಆ ಅರೆಕ್ಷಣ. ಸ್ಟ್ರಮ್ಮಿಂಗ್, ಅಂದರೆ ಬಲಗೈಯಿಂದ ತಂತಿಗಳನ್ನು ತಾಳಕ್ಕನುಗುಣವಾಗಿ ಕೆಳಗೂ ಮೇಲಕ್ಕೂ ಸವರುವ ಕ್ರಿಯೆ, ಅವನಿಗೆ ಬೇಗ ಒಲಿಯುತ್ತದೆ. ಆದರೆ ಬಲಗೈ ಸಮಕ್ಕೆ ಬಂದು ನಿಂತಾಗ ಎಡಗೈ ಇನ್ನೂ ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ವಾಹನದಟ್ಟಣೆಯಲ್ಲಿ ಸಿಕ್ಕಿರುವುದರಿಂದ ಹಾಡು ಪ್ರತಿ ಸಾಲಿಗೂ ನಿಂತು, ಕಾದು, ಮುಂದುವರಿಯುತ್ತದೆ.

ಶ್ರುತಿಯ ವಿಷಯದಲ್ಲಿ ಅವನು ನಿಷ್ಠಾವಂತ. ಅತಿ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸಬೇಕಾಗಿದ್ದು, ಮೊಬೈಲಿನ ಟ್ಯೂನರ್ ಹಸಿರಾಗುವವರೆಗೆ ಅವನು ಗಿಟಾರಿನ ಕಿವಿಯನ್ನು ತಿರುಪುತ್ತಾನೆ. ಹೊಸ ತಂತಿಗಳು ಎಳೆದಷ್ಟೂ ಸಡಿಲವಾಗುವುದರಿಂದ ಆರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಇಳಿದಿರುತ್ತದೆ. ಉಕ್ಕಿನ ತಂತಿ ಒತ್ತಿ ಒತ್ತಿ ಬೆರಳ ತುದಿ ಜಡ್ಡುಗಟ್ಟಿದಾಗ ಅವನು ಅದನ್ನು ಕ್ಯಾಂಟೀನಿನಲ್ಲಿ ಎಲ್ಲರಿಗೂ ಮುಟ್ಟಿಸಿ ತೋರಿಸುತ್ತಾನೆ. ಪೀಣ್ಯದಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವ ಕಾರ್ಮಿಕರು ತಮ್ಮ ಅಂಗೈಯನ್ನು ಹಾಗೆ ಪ್ರದರ್ಶನಕ್ಕಿಟ್ಟದ್ದು ಕಂಡುಬಂದಿಲ್ಲ. ಅವನಿಗೆ ಆದರ್ಶಪುರುಷರೂ ಇದ್ದಾರೆ. 2006ರ ‘ಮುಂಗಾರು ಮಳೆ’ಗೆ ಸಂಗೀತ ನೀಡಿದ ಮನೋಮೂರ್ತಿ ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮಿ, ಮೈಸೂರಿನಲ್ಲಿ ಸೂಕ್ಷ್ಮಜೀವಶಾಸ್ತ್ರ ಓದಿ ಚಿನ್ನದ ಪದಕ ಪಡೆದ ರಘು ದೀಕ್ಷಿತ್ ಬೆಲ್ಜಿಯಮ್ಮಿನ ನೌಕರಿ ಬಿಟ್ಟು ಬಂದು ಶಿಶುನಾಳ ಷರೀಫರ ಪದಗಳನ್ನು ಗಿಟಾರಿಗೆ ಹೊಂದಿಸಿದವರು. ಈ ಎರಡು ಉದಾಹರಣೆಗಳನ್ನು ಅವನು ಮ್ಯಾನೇಜರ್ ಗದರಿದ ದಿನ ತಪ್ಪದೆ ನೆನೆಯುತ್ತಾನೆ.

ಆದರೆ ಈ ಪ್ರಭೇದದ ನಿಜವಾದ ಲಕ್ಷಣ ಎಫ್ ಕಾರ್ಡಿನಲ್ಲಿದೆ. ಫ್ರೆಟ್ ಎಂದರೆ ವೀಣೆಯ ಮೆಟ್ಟಿಲಿಗೆ ಸಮನಾದ, ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ. ಎಫ್ ನುಡಿಸಲು ತೋರುಬೆರಳನ್ನು ಮೊದಲ ಫ್ರೆಟ್ಟಿನ ಹಿಂದೆ ಉದ್ದಕ್ಕೆ ಮಲಗಿಸಿ ಆರೂ ತಂತಿಗಳನ್ನು ಒಮ್ಮೆಗೇ ಒತ್ತಬೇಕು. ಆ ತುದಿಯಲ್ಲಿ ತಂತಿ ಬೆರಳಿಗೆ ಹೆಚ್ಚು ಎದುರಾಡುತ್ತದೆ, ಅಗ್ಗದ ಗಿಟಾರುಗಳಲ್ಲಿ ಅದು ಕತ್ತಿನಿಂದ ಮೇಲೆದ್ದು ನಿಂತಿರುವುದೂ ಉಂಟು. ಹೀಗಾಗಿ ನಾದದ ಬದಲು ‘ಟಕ್’ ಎಂಬ ಶಬ್ದ ಹೊರಡುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ನೀಲಾದ್ರಿ ರಸ್ತೆಯ ಪಿಜಿಯೊಂದರ ಮೂರನೆಯ ಮಹಡಿಯಲ್ಲಿ, ಹಾವೇರಿ ಕಡೆಯ ಹುಡುಗನೊಬ್ಬ ರಾತ್ರಿ ಹತ್ತೂವರೆಗೆ ಅಮೆರಿಕದ ಕಾಲ್ ಮುಗಿಸಿ ಒಂದೇ ಒಂದು ಮಳೆಹಾಡನ್ನು ಎತ್ತಿಕೊಳ್ಳುತ್ತಿದ್ದ. ಪಕ್ಕದ ಕೋಣೆಯ ನಿವಾಸಿ, ಈ ಕ್ಷೇತ್ರದಲ್ಲಿ ಅನಿವಾರ್ಯವಾಗಿ ಪಾಂಡಿತ್ಯ ಗಳಿಸಿದವರು, ಮೊದಲ ಮೂರು ಸಾಲುಗಳನ್ನು ಮಳೆಗಾಲದುದ್ದಕ್ಕೂ ಕೇಳಿದರು. ನಾಲ್ಕನೆಯ ಸಾಲಿನ ಬಾಗಿಲಲ್ಲಿ ಎಫ್ ಇತ್ತು. ‘ಟಕ್’. ದೀರ್ಘ ಮೌನ. ಮತ್ತೆ ಮೊದಲಿನಿಂದ. ಕತ್ತಿಗೆ ಕ್ಯಾಪೊ ಎಂಬ ಕ್ಲಿಪ್ಪು ಹಾಕಿ ಸುಲಭದ ಕಾರ್ಡುಗಳಲ್ಲೇ ಅದೇ ಶ್ರುತಿಯನ್ನು ಹಿಡಿಯಬಹುದೆಂದು ಆ ನಿವಾಸಿ ಎಲ್ಲೋ ಓದಿ ತಿಳಿಸಿದಾಗ ಹುಡುಗನಿಗೆ ನೋವಾಯಿತು. “ಅದು ಮೋಸ ಆಗ್ತದ್ರೀ ಸರ. ಎಫ್ ಒಂದ್ ಕುಂತ್ರ ಮುಗೀತು, ಎಲ್ಲಾ ಹಾಡೂ ಬರ್ತಾವು,” ಎಂದ. ಯಾವಾಗ ಕೂರುತ್ತದೆ ಎಂಬ ಪ್ರಶ್ನೆಗೆ, ಆ ವಾರಾಂತ್ಯದ ಹೆಸರು ಕೇಳಿಬಂತು.

ನುಡಿಸಲೆಂದು ತಾವೇ ಕೊಂಡ ಕೀಬೋರ್ಡಿನ ಮೇಲೆ ಒಗೆದ ಬಟ್ಟೆ ಮಡಚಿಡುವ ಆ ನಿವಾಸಿಗೆ ದೂರು ಕೊಡುವ ನೈತಿಕ ಹಕ್ಕು ದುರ್ಬಲವಾಗಿತ್ತು. ಅದೂ ಅಲ್ಲದೆ, ಗಡುವು, ಟಿಕೆಟ್ಟು, ರೇಟಿಂಗುಗಳಲ್ಲಿ ದಿನವಿಡೀ ಅಳೆಯಲ್ಪಡುವ ಹುಡುಗನೊಬ್ಬ, ಯಾರೂ ಕೇಳದ, ಯಾವ ಗ್ರಾಹಕನಿಗೂ ಬೇಡವಾದ ಕೆಲಸವೊಂದನ್ನು ಪ್ರತಿ ರಾತ್ರಿ ಕೆಡಿಸಿ ಮರುದಿನ ಮತ್ತೆ ಕೂರುವುದರಲ್ಲಿ ಒಂದು ಘನತೆಯಿತ್ತು. ಅವನು ದೀಪಾವಳಿಗೆ ಊರಿಗೆ ಹೋದಾಗ ಮಹಡಿಯ ಮೂವರು ತಮಗೆ ಸರಿಯಾಗಿ ನಿದ್ದೆ ಬರಲಿಲ್ಲವೆಂದು ಒಪ್ಪಿಕೊಂಡರು. ಅದೇ ವಾರ ಮೆಟ್ರೋದ ಹಳದಿ ಮಾರ್ಗದಲ್ಲಿ ಸಹಪ್ರಯಾಣಿಕನೊಬ್ಬನ ಮೊಬೈಲಿನಿಂದ ಆ ಹಾಡಿನ ಮೂಲ ಕೇಳಿಬಂದಿತು. ಮೂರನೆಯ ಸಾಲು ಮುಗಿದದ್ದೇ ಗಾಯಕರು ಒಂದಿನಿತೂ ನಿಲ್ಲದೆ ನಾಲ್ಕನೆಯದಕ್ಕೆ ದಾಟಿಬಿಟ್ಟದ್ದು ಪಕ್ಕದ ಕೋಣೆಯ ನಿವಾಸಿಗೆ ಅನಗತ್ಯ ಅವಸರವೆಂದು ತೋರಿತಲ್ಲದೆ, ಈ ಅಭಿಪ್ರಾಯವನ್ನು ಅವರು ಪಕ್ಕದಲ್ಲಿದ್ದ ಅಪರಿಚಿತರಿಗೆ ತಿಳಿಸಿಯೂ ಬಿಟ್ಟರು.