ಎಕ್ಸ್‌ರೇ ಮಾಣಿ

ನೀಟ್ ರ‍್ಯಾಂಕು ಕೈಕೊಟ್ಟ, ಇಂಜಿನಿಯರಿಂಗ್ ಬೇಡವೆಂದ, ಅಡಿಕೆಗೆ ಮದ್ದು ಬಿಡಲು ಮನಸ್ಸಿಲ್ಲದ ಹುಡುಗನೊಬ್ಬ ಈಗ ಪುತ್ತಿಗೆಯ ಯಾವ ದಿಕ್ಕಿಗೆ ಹೋದರೂ ಸಿಗುತ್ತಾನೆ. ಸೀತಾಂಗೋಳಿಯಿಂದ ಕುಂಬಳೆ, ಕುಂಬಳೆಯಿಂದ ತಲಪಾಡಿ ದಾಟಿ ತೊಕ್ಕೊಟ್ಟು, ಅಲ್ಲಿಂದ ದೇರಳಕಟ್ಟೆ ಎಂದು ಬಸ್ಸು ಬದಲಿಸುತ್ತಾ ಅವನು ಕಲಿಯುವುದು ಬಿಎಸ್ಸಿ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ. ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಪೂರ್ತಿ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರ ಬಸ್ಸು ಬಂದುಬಿಡುವುದರಿಂದ ‘ಎಂಐಟಿ’ ಎನ್ನುತ್ತಾನೆ. ಅವರು ಮಣಿಪಾಲದ ಇಂಜಿನಿಯರಿಂಗ್ ಕಾಲೇಜೆಂದು ತಿಳಿದು ತಲೆದೂಗುತ್ತಾರೆ. ಇವನು ತಿದ್ದಲು ಹೋಗುವುದಿಲ್ಲ. ಊರ ಬಾಯಲ್ಲಿ ಮಾತ್ರ ಅವನು ಎಕ್ಸ್‌ರೇ ಮಾಣಿ.

ಮೊದಲ ವರ್ಷದ ಮಾಣಿಗೆ ಮನುಷ್ಯರು ಕಾಣುವುದಿಲ್ಲ, ಎಲುಬುಗಳು ಕಾಣುತ್ತವೆ. ಮದುವೆ ಮನೆಯಲ್ಲಿ ಗ್ರೂಪ್ ಫೋಟೋಕ್ಕೆ ನಿಂತರೆ ಫೋಟೋಗ್ರಾಫರನಿಗಿಂತ ಮೊದಲು ಇವನ ಅಪ್ಪಣೆ: “ಗಲ್ಲ ಮೇಲೆ, ಕೈ ಸೊಂಟಕ್ಕೆ, ಮೊಣಕೈ ಮುಂದೆ.” ಎದೆಯ ಎಕ್ಸ್‌ರೇಗೆ ಹಾಗೆಯೇ ನಿಲ್ಲಿಸಬೇಕು, ಇಲ್ಲದಿದ್ದರೆ ಹೆಗಲೆಲುಬು ಶ್ವಾಸಕೋಶದ ಮೇಲೆ ಬೀಳುತ್ತದೆ. ಮದುಮಗಳ ಕಡೆಯವರೆಲ್ಲ ರಂಗಸ್ಥಳಕ್ಕೆ ಬಂದ ಬಣ್ಣದ ವೇಷದ ಠೀವಿಯಲ್ಲಿ ನಿಂತರು. “ಉಸಿರು ಎಳೆಯಿರಿ, ಹಿಡಿಯಿರಿ” ಎಂದವನು ಅಷ್ಟರಲ್ಲಿ ಬಂದ ಹೋಳಿಗೆಯ ಹಿಂದೆ ಹೊರಟ. ‘ಬಿಡಿ’ ಎಂಬ ಮಾತಿಗೆ ಕಾಯುತ್ತಾ ಸೋದರಮಾವನ ಮುಖ ಕೆಂಪೇರಿತು.

ಎರಡನೇ ವರ್ಷ ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜು ಬರುತ್ತದೆ. ಸೀಸದ ಏಪ್ರನ್ನಿನ ಒಳಗೆ ತೊಡುವ ಅದನ್ನು ಏಪ್ರನ್ ಇಲ್ಲದೆ ಸಿಕ್ಕಿಸಿಕೊಂಡು ನಿಂತ ತನ್ನ ಫೋಟೋವನ್ನು ಅವನು ಅಜ್ಜಿಗೆ ತೋರಿಸಿದ.

“ಮಾಣಿ, ಅದೆಂತರ, ತಾಯತವೋ?”

“ಅಲ್ಲ ಅಜ್ಜಿ, ಮೈಗೆ ಎಷ್ಟು ರೇಡಿಯೇಷನ್ ತಾಗಿತ್ತು ಹೇಳಿ ಲೆಕ್ಕ ಮಡುಗುತ್ತು. ಮೂರು ತಿಂಗಳಿಗೊಂದರಿ ಲ್ಯಾಬಿಂಗೆ ಕಳ್ಸುದು. ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್ ದಾಂಟ್ಲಾಗ.”

“ತಾಗುದರ ತಡೆತ್ತಿಲ್ಲೆಯಾ?”

“ಇಲ್ಲೆ.”

“ಹಾಂಗಾರೆ ಅದು ಸೊಸೈಟಿ ಪಾಸ್‌ಬುಕ್ಕು.”

ಎಂಆರ್‌ಐ ಕೋಣೆಗೆ ಕಾಲಿಟ್ಟ ಮೇಲೆ ಮಾಣಿ ಸುಂಕದ ಅಧಿಕಾರಿಯಾಗುತ್ತಾನೆ. ಮನೆಗೆ ಬಂದವರ ಸೆರಗಿನ ಪಿನ್ನು, ಜಡೆಯ ಕ್ಲಿಪ್ಪು, ಸೊಂಟದ ನೇವಳ ಎಲ್ಲದರ ಮೇಲೂ ಅವನ ಕಣ್ಣು. ಅಲ್ಲಿಯ ಅಯಸ್ಕಾಂತ 1.5 ಟೆಸ್ಲಾದ್ದು, ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. “ಕರೆಂಟು ಹೋದರೆ ನಿಲ್ಲುತ್ತದಲ್ಲ?” ಎಂದು ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನವರು ಆಸೆಯಿಂದ ಕೇಳುತ್ತಾರೆ. ದ್ರವ ಹೀಲಿಯಮ್ಮಿನಲ್ಲಿ ಮುಳುಗಿರುವ ಆ ಸುರುಳಿಗೆ ಹಗಲು ರಾತ್ರಿಯಿಲ್ಲ, ಕರೆಂಟಿನ ಹಂಗೂ ಇಲ್ಲ ಎಂದಾಗ ನಮ್ಮವರಿಗೆ ವಿಜ್ಞಾನದ ಮೇಲೆ ಮೊದಲ ಬಾರಿಗೆ ಭಕ್ತಿ ಹುಟ್ಟುತ್ತದೆ.

ನಿಜವಾದ ಕಷ್ಟ ಶುರುವಾಗುವುದು ಊರವರು ಫಿಲ್ಮು ಹಿಡಿದುಕೊಂಡು ಬಂದಾಗ. ಭಾನುವಾರ ಚಾವಡಿಯಲ್ಲಿ ಸಾಲು. ಒಬ್ಬರ ಮೊಣಕಾಲು, ಒಬ್ಬರ ಸೊಂಟ, ಪೇಟೆಯ ಅಂಗಡಿಯ ಇಚ್ಚನ ಕತ್ತು. ಮಾಣಿ ಫಿಲ್ಮನ್ನು ಆಕಾಶಕ್ಕೆ ಹಿಡಿದು ಗಂಭೀರವಾಗಿ ನೋಡುತ್ತಾನೆ. ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ. “ಪೊಸಿಷನ್ ಒಳ್ಳೇದಿದೆ. ಸ್ವಲ್ಪ ರೊಟೇಷನ್ ಆಗಿದೆ.”

“ಕಾಯಿಲೆ ಎಂತದು ಮಾರಾಯ?”

“ಅದು ರೇಡಿಯಾಲಜಿಸ್ಟ್ ಹೇಳಬೇಕು. ರಿಪೋರ್ಟ್ ಬರಲಿ.”

ಚಿತ್ರ ತೆಗೆಯುವುದು ಇವನ ಕೆಲಸ, ಓದಿ ಹೇಳುವುದು ಡಾಕ್ಟರದು. ಮೊದಲ ದಿನವೇ ಕಲಿಸುವ ಈ ನಿಯಮವನ್ನು ಅವನು ನೆತ್ತಿಗೆ ಹಚ್ಚಿಕೊಂಡಿದ್ದಾನೆ. ಆದರೆ ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆ. ತಾಳಮದ್ದಳೆಯಲ್ಲಿ ಒಂದು ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳುವ ಜನ. ಕೈಯಲ್ಲಿ ಫಿಲ್ಮಿದ್ದೂ ಅರ್ಥ ಹೇಳದವನನ್ನು ಇಲ್ಲಿ ಯಾರು ಲೆಕ್ಕಕ್ಕಿಡುತ್ತಾರೆ?

ಚಟ ಬರಬರುತ್ತಾ ಹಬ್ಬಿತು. ಅಡಿಕೆ ಈಗ ಕೊಡುವುದೋ ಕಾಯುವುದೋ ಎಂದರೆ, ರಿಪೋರ್ಟ್ ಬರಲಿ. ಈ ಸಲ ಪಂಚಾಯತ್ ಯಾರಿಗೆ ಎಂದರೆ, ರಿಪೋರ್ಟ್ ಬರಲಿ. ಅಕ್ಕನಿಗೆ ಬಂದ ಸಂಬಂಧದ ಹುಡುಗನನ್ನು ನೋಡಿ ಬಂದವನು ಹೇಳಿದ್ದು ಇಷ್ಟೇ: “ಬೆನ್ನೆಲುಬು ನೇರ ಇದೆ. ಉಳಿದದ್ದು ನಾನು ಹೇಳುವ ಹಾಗಿಲ್ಲ.”

ಹೀಗಿರುತ್ತ ಆಷಾಢದ ಪಾಚಿಯಲ್ಲಿ ಅಜ್ಜಿ ಜಾರಿದರು. ಮಣಿಕಟ್ಟು ಬಾತಿತು. ಎಲುಬು ಪುಡಿಯೆಂದರು ಮಾವ. ಬರೀ ಉಳುಕು, ಎಣ್ಣೆ ತಿಕ್ಕಿದರಾಯಿತೆಂದರು ಅತ್ತೆ. ನರ ಹೊರಳಿದೆ ಎಂದು ದಾರಿಯಲ್ಲಿ ಹೋಗುತ್ತಿದ್ದವರು ಒಳಗೆ ಬಂದು ಹೇಳಿದರು. ಕೊನೆಗೆ ಮಾಣಿ ಇಂಟರ್ನ್ ಆಗಿದ್ದ ಆಸ್ಪತ್ರೆಗೇ ಕರೆದೊಯ್ದರು. ಪಕ್ಕದ ಬೆಂಚಿನಲ್ಲಿ ಹೆದರಿ ಕೂತಿದ್ದ ಉಪ್ಪಳದ ಉಮ್ಮನಿಗೆ ಮಲಯಾಳದಲ್ಲಿ “ಶ್ವಾಸಂ ಪಿಡಿಕ್ಕೂ” ಎಂದು, ಇನ್ನೊಬ್ಬರಿಗೆ ತುಳುವಿನಲ್ಲಿ ಧೈರ್ಯ ಹೇಳಿ, ಮತ್ತೆ ಅಜ್ಜಿಯ ಬಳಿ ಬಂದು ಬಳೆ ತೆಗೆಸಿದ. ಹೊತ್ತು ಹೋಗಲೆಂದು ಕತೆಯನ್ನೂ ಹೇಳಿದ: 1895ರಲ್ಲಿ ಎಕ್ಸ್‌ರೇ ಕಂಡುಹಿಡಿದ ರಾಂಟ್‌ಜನ್ ಮೊದಮೊದಲು ತೆಗೆದದ್ದು ಹೆಂಡತಿಯ ಕೈಯ ಚಿತ್ರ, ಅದರಲ್ಲಿ ಎಲುಬಿನ ಜೊತೆ ಉಂಗುರವೂ ಕಾಣುತ್ತದೆ, ಅವನಿಗೆ 1901ರಲ್ಲಿ ಭೌತಶಾಸ್ತ್ರದ ಮೊತ್ತಮೊದಲ ನೋಬೆಲ್.

“ಅವ ಉಂಗುರ ತೆಗೆಶಿದ್ದನಿಲ್ಲೆ, ನೋಬೆಲ್ ಸಿಕ್ಕಿತ್ತು. ಎನ್ನ ಬಳೆ ತೆಗೆಶಿ ನಿನಗೆಂತ ಸಿಕ್ಕುಗು?” ಎಂದರು ಅಜ್ಜಿ. ಆದರೂ ಕೈ ಅಲ್ಲಾಡಿಸಲಿಲ್ಲ.

ಪರದೆಯ ಮೇಲೆ ಚಿತ್ರ ಮೂಡಿತು. ಅಪ್ಪ ಬಾಗಿಲಲ್ಲೇ ಹಿಡಿದರು. “ಎಂತಾಯಿದು?”

“ರಿಪೋರ್ಟ್ ಬರಲಿ ಅಪ್ಪ.”

ಅಪ್ಪನ ಸಹನೆ ಒಡೆಯಿತು. “ಬಾಯಿ ಮುಚ್ಚಿ ಕೂಪಲೆ ಕಲಿಶುಲೆ ನಾಲ್ಕು ವರ್ಷ ಫೀಸು ಕಟ್ಟೆಕ್ಕಾ?”

ಒಳಗಿನಿಂದ ಅಜ್ಜಿ ಹೇಳಿದರು: “ನಿನಗೂ ಆಗಳೇ ಕಟ್ಟೆಕ್ಕಾತು ಮಗ.”