ಲೈಫ್‌ಟ್ಯಾಕ್ಸ್ ಅಣ್ಣ

ಯಲ್ದೂರಿನಲ್ಲಿ ಯಾರಾದರೂ ಹೊಸ ಬೈಕು ತಂದು, ಹ್ಯಾಂಡಲ್‌ಗೆ ಕಟ್ಟಿದ ಸೇವಂತಿಗೆ ಹಾರ ಬಾಡುವ ಮುಂಚೆ ಟೀ ಅಂಗಡಿ ಮುಂದೆ ನಿಲ್ಲಿಸಿದರೆ, ಊರಿನವರೆಲ್ಲ ‘ಮೈಲೇಜ್ ಎಷ್ಟು ಕೊಡ್ತದೆ?’ ಅಂತ ಕೇಳುತ್ತಾರೆ. ಒಬ್ಬರು ಮಾತ್ರ ಬೈಕಿನ ಕಡೆ ಕಣ್ಣೆತ್ತಿಯೂ ನೋಡದೆ, ಲೋಟ ಕೆಳಗಿಟ್ಟು, ‘ಲೈಫ್‌ಟ್ಯಾಕ್ಸ್ ಎಷ್ಟು ಬಿತ್ತು?’ ಅನ್ನುತ್ತಾರೆ. ಹುಡುಗ ತಲೆ ಕೆರೆದುಕೊಂಡು ‘ಎಲ್ಲಾ ಸೇರಿ ಆನ್‌ರೋಡ್ ಇಷ್ಟಾಯ್ತಣ್ಣ’ ಅಂದನೋ, ಕೆಟ್ಟ. ‘ಆನ್‌ರೋಡಾ? ರೋಡ್ ಎಲ್ಲೈತೆ, ಮೊದ್ಲು ಅದು ತೋರ್ಸು’ ಅಂತ ಶುರುವಾದರೆ ಶ್ರೀನಿವಾಸಪುರದ ಬಸ್ಸು ಬಂದು ಹೋದರೂ ಮುಗಿಯುವುದಿಲ್ಲ.

ಇವರಿಗೆ ಅಪ್ಪ-ಅಮ್ಮ ಇಟ್ಟ ಹೆಸರೊಂದಿದೆ. ರೇಷನ್ ಕಾರ್ಡು ಬಿಟ್ಟರೆ ಅದು ಬೇರೆಲ್ಲೂ ಚಲಾವಣೆಯಲ್ಲಿಲ್ಲ. ಊರಿಗೆಲ್ಲ ಲೈಫ್‌ಟ್ಯಾಕ್ಸ್ ಅಣ್ಣ. ಮಾಲೂರು, ಮುಳಬಾಗಿಲು ಕಡೆಯವರು ‘ಅಯ್ಯೋ, ನಮ್ಮೂರಲ್ಲೂ ಒಬ್ರವ್ರೆ’ ಅನ್ನುತ್ತಾರೆ, ಇರಲೇಬೇಕು. ಅರವತ್ತರ ಆಸುಪಾಸು, ಎರಡೆಕರೆ ಮಾವಿನ ತೋಪು, ಹೆಗಲ ಮೇಲೆ ಟವೆಲ್ಲು, ಕಂಕುಳಲ್ಲಿ ಜಿಪ್ಪು ಕಿತ್ತ ರೆಕ್ಸಿನ್ ಬ್ಯಾಗು.

ಆ ಬ್ಯಾಗು ನೋಡಬೇಕು ನೀವು. ಅಣ್ಣನ ತಂದೆಯ ಸೈಕಲ್ಲಿಗೆ ಲೈಸೆನ್ಸ್ ಅಂತ ಕೊಟ್ಟಿದ್ದ ತಗಡಿನ ಬಿಲ್ಲೆಯಿಂದ ಹಿಡಿದು ಮೊನ್ನೆ ಕಟ್ಟಿದ ಮನೆ ಕಂದಾಯದವರೆಗೆ ಒಂದು ಚೀಟಿಯೂ ತಪ್ಪಿಲ್ಲ. ಸರ್ಕಾರವನ್ನು ಇಷ್ಟು ಬೈಯುವ ಮನುಷ್ಯ ಒಂದು ದಿನವೂ ತೆರಿಗೆ ಬಾಕಿ ಇಟ್ಟವರಲ್ಲ. ಪುಂಗನೂರಿನ ಭಾಮೈದ ಎಪಿ-03 ನಂಬರಿನ ಗಾಡಿಯಲ್ಲಿ ಬಂದು, ‘ಭಾವ, ಗಾಡಿ ನಮ್ ಕಡೆ ರಿಜಿಸ್ಟರ್ ಮಾಡ್ಸಿಬಿಡ್ರಿ’ ಅಂತ ಆಸೆ ತೋರಿಸಿದಾಗಲೂ ಬಗ್ಗಲಿಲ್ಲ. ‘ಕೆಎ-07 ಅಂತ ಬರ್ಸಿರೋ ಗಾಡಿಲಿ ಕೂತು ಬೈದ್ರೇನೇ ಬೈಗುಳಕ್ಕೆ ಬೆಲೆ’ ಅಂದರಂತೆ. ಕಟ್ಟದವನಿಗೆ ಬೈಯುವ ಹಕ್ಕಿಲ್ಲ ಅನ್ನುವುದು ಅವರ ಸಿದ್ಧಾಂತ. ಬೈಯುವುದಕ್ಕೋಸ್ಕರವೇ ಕಟ್ಟುತ್ತಾರೆಂದು ನನ್ನ ಗುಮಾನಿ.

ಅವರಿಗೆ ಈ ಹೆಸರು ಬಂದದ್ದು 2020ರಲ್ಲಿ. 2005ರ ಜುಲೈನಲ್ಲಿ ಕೊಂಡ ಸ್ಪ್ಲೆಂಡರ್‌ಗೆ ಹದಿನೈದು ವರ್ಷ ತುಂಬಿ, ಆರ್‌ಸಿ ಮುಗಿಯಿತು. ‘ಲೈಫ್‌ಟ್ಯಾಕ್ಸ್ ಕಟ್ಟೀನಲ್ಲ ಮೇಷ್ಟ್ರೇ, ಮತ್ಯಾಕೆ ಕಟ್ಬೇಕು?’ ಅಂತ ನನ್ನನ್ನು ಹಿಡಿದುಕೊಂಡರು. ಹದಿನೈದು ವರ್ಷ ಆದ ಮೇಲೆ ಗಾಡಿ ತೋರಿಸಿ, ಐದು ವರ್ಷಕ್ಕೊಂದು ಸಲ ನೋಂದಣಿ ನವೀಕರಿಸಬೇಕು, ಹಸಿರು ತೆರಿಗೆ ಅಂತ ಬೇರೆ ಇದೆ ಅಂತ ವಿವರಿಸಿದೆ. ಅಣ್ಣ ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: ‘ಲೈಫ್ ಅಂದ್ರೆ ಯಾರ್ ಲೈಫು? ನಂದು ಇನ್ನೂ ಐತೆ. ಗಾಡೀದೂ ಐತೆ, ಒಂದೇ ಕಿಕ್ಕಿಗೆ ಸ್ಟಾರ್ಟು. ಮುಗ್ದಿರೋದು ಯಾರ್ದು?’

ನಾನು ಮೂವತ್ತು ವರ್ಷ ಪಾಠ ಹೇಳಿದವನು. ಉತ್ತರ ಹೊಳೆಯಲಿಲ್ಲ.

ಐದು ವರ್ಷ ಕಳೆದು 2025ರ ಜುಲೈನಲ್ಲಿ ಮತ್ತೆ ಗಡುವು ಬಂತು. ಆ ಮಾವಿನ ಸುಗ್ಗಿ ನಮ್ಮ ತಾಲ್ಲೂಕಿನವರಿಗೆ ಮರೆಯುವಂಥದ್ದಲ್ಲ. ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಒಳಗೆ ಬರಕೂಡದು ಅಂತ ಗಡಿ ಮುಚ್ಚಿತು. ಹಣ್ಣು ಕಿತ್ತರೆ ಕೂಲಿ ಹುಟ್ಟಲ್ಲ, ಬಿಟ್ಟರೆ ಮರದಲ್ಲೇ ಕೊಳೆಯುತ್ತೆ. ಆಮೇಲೆ ಕೇಂದ್ರ ಕ್ವಿಂಟಲ್‌ಗೆ 1,616 ರೂಪಾಯಿ ಬೆಲೆ ಕಟ್ಟಿ ವ್ಯತ್ಯಾಸದ ಹಣ ಕೊಡಲು ಒಪ್ಪಿತು ಅನ್ನಿ. ಆ ಗಲಾಟೆಯಲ್ಲಿ ಆರ್‌ಸಿ ನೆನಪು ಯಾರಿಗಿರುತ್ತೆ? ಅಣ್ಣ ತೋಪು ಖಾಲಿ ಮಾಡಿ, ಸೆಪ್ಟೆಂಬರ್‌ನಲ್ಲಿ ಕೋಲಾರಕ್ಕೆ ಹೋಗುವ ಹೊತ್ತಿಗೆ ದಿಲ್ಲಿಯಿಂದ ಆಗಸ್ಟ್ ಆದೇಶ ಬಂದು ಕೂತಿತ್ತು: ಇಪ್ಪತ್ತು ವರ್ಷ ದಾಟಿದ ಬೈಕಿನ ನವೀಕರಣಕ್ಕೆ 2,000 ರೂಪಾಯಿ. 2022ರ ಏಪ್ರಿಲ್‌ಗೂ ಮುಂಚೆ 300 ಇದ್ದದ್ದು 1,000 ಆಗಿದ್ದನ್ನೇ ಅವರಿನ್ನೂ ಜೀರ್ಣಿಸಿಕೊಂಡಿರಲಿಲ್ಲ. ‘ತೋತಾಪುರಿ ಬೆಲೆ ಬಿದ್ದಷ್ಟೂ ಸ್ಪ್ಲೆಂಡರ್ ಬೆಲೆ ಏರ್ತದೆ’ ಅಂದರು. ಅರ್ಥಶಾಸ್ತ್ರದಲ್ಲಿ ಹೀಗೊಂದು ಸೂತ್ರ ಇಲ್ಲ, ಆದರೆ ಯಲ್ದೂರು ಹೋಬಳಿಯಲ್ಲಿ ಯಾರೂ ಅಲ್ಲಗಳೆಯಲಿಲ್ಲ.

ಅಣ್ಣನ ಉಪನ್ಯಾಸಕ್ಕೆ ಕರಿಹಲಗೆ ಬೇಡ. ಟೀ ಅಂಗಡಿಯ ಕಲ್ಲುಚಪ್ಪಡಿ ಸಾಕು. ಲೋಟದಲ್ಲಿ ಉಳಿದ ಟೀಯಲ್ಲಿ ಬೆರಳು ಅದ್ದಿ ಬರೆಯುತ್ತಾರೆ. ‘ನೋಡು, ಐವತ್ತ್ ಸಾವ್ರ ದಾಟಿ ಒಂದ್ ಲಕ್ಷದೊಳ್ಗಿನ ಗಾಡಿಗೆ ನೂರಕ್ಕೆ ಹನ್ನೆರಡು. ಲಕ್ಷ ದಾಟ್ತೋ, ಹದಿನೆಂಟು. 98 ಸಾವ್ರದ್ ಗಾಡಿ ತಗಂಡ್ರೆ 11,760. ಅಲಾಯ್ ವೀಲು ಬೇಕು, ಬ್ಲೂಟೂತ್ ಬೇಕು ಅಂತ ನಾಕ್ ಸಾವ್ರ ಜಾಸ್ತೀದ್ ನೋಡಿದ್ಯೋ, 18,360! ನಾಕ್ ಸಾವ್ರದ್ ಆಸೆಗೆ 6,600 ದಂಡ.’ ಅಷ್ಟರಲ್ಲಿ ಸೊನ್ನೆಗಳ ಮೇಲೆ ನೊಣಗಳು ಬಂದು ಕೂತಿರುತ್ತವೆ. ಟವೆಲ್ಲಿನಲ್ಲಿ ಓಡಿಸಿ ಮುಂದುವರಿಸುತ್ತಾರೆ: ‘ಗಾಡಿ ಬೆಲೇಲೇ ಜಿಎಸ್‌ಟಿ ಸೇರೈತೆ. ಆ ಜಿಎಸ್‌ಟಿ ಮೇಲೂ ಲೈಫ್‌ಟ್ಯಾಕ್ಸು. ಲೈಫ್‌ಟ್ಯಾಕ್ಸ್ ಮೇಲೆ ನೂರಕ್ಕೆ ಹನ್ನೊಂದು ಸೆಸ್ಸು. ಮುದ್ದೆ ಮೇಲೆ ಮುದ್ದೆ, ಅದರ್ ಮೇಲೊಂದು ಗುಂಡ್‌ಮುದ್ದೆ. ಸಾರೆಲ್ಲಿ?’

ಸಾರು ಅಂದರೆ ರಸ್ತೆ. ಇದನ್ನು ಹೊಸಬರಿಗೆ ಮಾತ್ರ ಬಿಡಿಸಿ ಹೇಳಬೇಕು.

ಇಷ್ಟೆಲ್ಲ ಇದ್ದರೂ ಅಣ್ಣನಿಗೆ ನ್ಯಾಯಬುದ್ಧಿ ಇದೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿ, ಲೀಟರಿಗೆ ಮೂರು ರೂಪಾಯಿ ಜಾಸ್ತಿಯಾದಾಗ ಊರೆಲ್ಲ ಅವರ ಬಾಯಿ ನೋಡಿತು. ಅದೇ ವಾರ ಭಾಮೈದ ಪುಂಗನೂರಿನಿಂದ ಬಂದವನು ಊಟಕ್ಕೂ ಮುಂಚೆ ನಮ್ಮ ಕಡೆಯ ಬಂಕಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಬಂದ. ಏರಿದ ಮೇಲೂ ಆಂಧ್ರಕ್ಕಿಂತ ಇಲ್ಲೇ ಅಗ್ಗ. ಅಣ್ಣ ಅವನ ಟ್ಯಾಂಕಿನ ಮುಚ್ಚಳ ತಟ್ಟಿ, ‘ಹೆಣ್ಣು ಕೊಟ್ಟೋರ ಮನೆಗೆ ನಾವೇ ಎಣ್ಣೇನೂ ಕೊಡೋ ಹಂಗಾಯ್ತು’ ಅಂತ ನಕ್ಕರು. ಆ ನಗುವಿನಲ್ಲಿ ಸರ್ಕಾರದ ಬಗ್ಗೆ ಕಿಂಚಿತ್ ಹೆಮ್ಮೆಯೂ ಇತ್ತು. ನಾನು ಕಂಡೆ.

ಬ್ಯಾಗಿನಲ್ಲಿ ರಸೀದಿಗಳ ಜೊತೆ ಒಂದು ಪೇಪರ್ ಕಟಿಂಗೂ ಇದೆ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಓಡಾಡುತ್ತಿದ್ದ ಮಹಾರಾಷ್ಟ್ರ ನಂಬರಿನ ಕೆಂಪು ಫೆರಾರಿಯನ್ನು ಸಾರಿಗೆ ಅಧಿಕಾರಿಗಳು ಹಿಡಿದು, 1 ಕೋಟಿ 41 ಲಕ್ಷಕ್ಕೂ ಮೇಲೆ ತೆರಿಗೆ ಕಟ್ಟಿಸಿಕೊಂಡ ಸುದ್ದಿ. ಇದನ್ನು ಅವರು ಯಾರಿಗೂ ಓದಿ ಹೇಳುವುದಿಲ್ಲ. ಮನಸ್ಸು ಬೇಜಾರಾದಾಗ ಒಬ್ಬರೇ ತೆಗೆದು ನೋಡಿ, ಮಡಿಸಿ ಇಡುತ್ತಾರೆ.

ಒಂದು ದೂರು ಮಾತ್ರ ಅವರ ಮೇಲಿದೆ. ತಳ್ಳುಗಾಡಿಯಲ್ಲಿ ಕಡ್ಲೆಪುರಿ ಮಾರುವ ಮುದುಕನನ್ನು ನಿಲ್ಲಿಸಿ, ‘ಪಂಚಾಯತ್ ರಾಜ್ ಕಾಯ್ದೆ 1993. ಮೋಟಾರಿಲ್ಲದ ಗಾಡಿಗೂ ಪಂಚಾಯ್ತಿ ಟ್ಯಾಕ್ಸ್ ಹಾಕ್ಬೋದು. ಇವತ್ತೋ ನಾಳೆಯೋ ನಿನ್ ಸರ್ದಿ’ ಅಂದರು. ಕಾಯ್ದೆಯಲ್ಲಿ ಇರುವುದು ನಿಜ, ಹಾಕುವ ಯೋಚನೆ ಯಾರಿಗೂ ಇರಲಿಲ್ಲ. ಮುದುಕ ಆವತ್ತಿನಿಂದ ಟೀ ಅಂಗಡಿ ಬೀದಿ ಬಿಟ್ಟು ಹಿಂದಿನ ಬೀದಿಯಲ್ಲಿ ಓಡಾಡುತ್ತಾನೆ. ನಮಗೆ ಸಂಜೆ ಕಡ್ಲೆಪುರಿ ತಪ್ಪಿತು.

ಅಣ್ಣನ ಬಾಳಿನಲ್ಲಿ ದೊಡ್ಡ ಗಂಡಾಂತರ ಬಂದದ್ದು 2025ರ ಸೆಪ್ಟೆಂಬರ್ 22ಕ್ಕೆ. ಆವತ್ತು ಸಣ್ಣ ಬೈಕು, ಸ್ಕೂಟರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಡಿಗ್ರಿ ಓದುವ ಮಗಳು ಆಸೆಪಟ್ಟು ನೋಡಿಟ್ಟಿದ್ದ ಸ್ಕೂಟರ್ ಏಳು ಸಾವಿರದಷ್ಟು ಅಗ್ಗವಾಯಿತು. ಬೆಲೆ ಇಳಿದರೆ ಅದರ ಮೇಲಿನ ಲೈಫ್‌ಟ್ಯಾಕ್ಸೂ ಎಂಟುನೂರು ಚಿಲ್ಲರೆ ಇಳಿಯಬೇಕಲ್ಲ? ಇಳಿಯಿತು. ಅಣ್ಣ ನಾಲ್ಕು ದಿನ ಟೀ ಅಂಗಡಿ ಕಡೆ ಸುಳಿಯಲಿಲ್ಲ. ಜ್ವರವಾ ಅಂತ ವಿಚಾರಿಸಿದರೆ ಹೆಂಡತಿ, ‘ಏನಿಲ್ಲ ಮೇಷ್ಟ್ರೇ, ಬ್ಯಾಗ್ ಮುಂದೆ ಇಟ್ಕಂಡು ಸುಮ್ನೆ ಕೂತವ್ರೆ’ ಅಂದರು.

ಐದನೇ ದಿನ ಮಗಳ ಕಾಟ ತಾಳದೆ ಷೋರೂಮಿಗೆ ಹೊರಟರು, ಸಾಕ್ಷಿಗೆ ನನ್ನನ್ನೂ ಎಳೆದುಕೊಂಡು. ಗಾಡಿ ಬೆಲೆ 84,000. ಲೈಫ್‌ಟ್ಯಾಕ್ಸ್ 10,080. ಅದರ ಮೇಲಿನ ಸೆಸ್ 1,109. ಅಣ್ಣ ಬಿಲ್ಲಿನ ಮೇಲೆ ಬೆರಳಿಟ್ಟು, ನಿರಾಸೆಯಿಂದ ತಲೆದೂಗುತ್ತ ಸಾಲುಸಾಲಾಗಿ ಕೆಳಗಿಳಿದರು. ಎಲ್ಲ ಅವರು ಮನೆಯಲ್ಲೇ ಲೆಕ್ಕ ಹಾಕಿದ್ದಷ್ಟೇ. ಕೊನೆಯ ಸಾಲಿಗೆ ಬಂದಾಗ ಬೆರಳು ನಿಂತಿತು.

‘ಇದ್ಯಾವುದಮ್ಮ 500?’

ಕೌಂಟರಿನ ಹುಡುಗಿ ಪಾಪ ವಿವರಿಸಿದಳು. 2024ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಆದ ತಿದ್ದುಪಡಿ. ಹೊಸ ಬೈಕಿಗೆ 500, ಕಾರಿಗೆ 1,000. ಡ್ರೈವರು, ಕ್ಲೀನರು, ಗ್ಯಾರೇಜಿನವರು, ಪಂಚರ್ ಹಾಕುವವರು ಇವರ ಕಲ್ಯಾಣನಿಧಿಗೆ ಹೋಗುತ್ತೆ. ಅಣ್ಣನ ಮುಖಕ್ಕೆ ರಕ್ತ ಬಂತು. ಒಂದು ಮಾತೂ ಆಡದೆ ದುಡ್ಡು ಎಣಿಸಿ, ರಸೀದಿ ಇಸಿದುಕೊಂಡು, ‘ಪಂಚರ್ ಹಾಕೋರ್ಗೂ ಅಂದ್ಯಲ್ಲಮ್ಮ?’ ಅಂತ ಇನ್ನೊಂದು ಸಲ ಖಾತ್ರಿ ಮಾಡಿಕೊಂಡರು.

ಆಮೇಲೆ ಅವರು ಕಾದದ್ದು ಪಂಚರ್‌ಗೆ. ಹೊಸ ಟೈರು, ಮೂರು ವಾರ ತಡೆಯಿತು. ಜಾಲಿಮುಳ್ಳು ಚುಚ್ಚಿದ ದಿನ ಮಗಳು ಅಳುಮೋರೆಯಲ್ಲಿ ಬಂದರೆ ಅಪ್ಪ ಹಬ್ಬಕ್ಕೆ ಹೊರಟವರ ಹಾಗೆ ಬ್ಯಾಗು ಎತ್ತಿಕೊಂಡು ಗಾಡಿ ತಳ್ಳಿಕೊಂಡು ಹೊರಟರು.

ಪಂಚರ್ ಹುಡುಗ ಮುಳ್ಳು ಕಿತ್ತು, ರಬ್ಬರ್ ತುರುಕಿ, ಗಾಳಿ ಹೊಡೆದು, ‘ನೂರ್ರೂಪಾಯ್ ಅಣ್ಣ’ ಅಂದ.

‘ನಿನ್ ನಿಧಿಗೆ ಆಗ್ಲೇ ಐನೂರು ಹಾಕಿದೀನಲ್ಲೋ. ನೂರು ಮುರ್ಕೊಂಡು ಇನ್ನ ನಾನೂರು ಕೊಡು.’

‘ಯಾವ್ ನಿಧಿ ಅಣ್ಣ?’

ಅಣ್ಣ ರಸೀದಿ ತೆಗೆದು ತೋರಿಸಿದರು. ಹುಡುಗ ಕೈ ಒರೆಸಿಕೊಂಡು ಅದನ್ನು ಬೆಳಕಿಗೆ ಹಿಡಿದು ನೋಡಿದ. ಹಿಂದೆ ತಿರುಗಿಸಿಯೂ ನೋಡಿದ. ‘ನನ್ ಹೆಸ್ರೇ ಇಲ್ವಲ್ಲಣ್ಣ ಇದ್ರಲ್ಲಿ. ಬಂದ್ರೆ ನೋಡಾನ. ಈಗ ನೂರು ಕೊಡ್ರಿ.’

ಅಣ್ಣ ಕೊಟ್ಟರು. ಆಮೇಲೂ ನಿಂತೇ ಇದ್ದರು.

‘ರಸೀದಿ?’

ಹುಡುಗ ಸುತ್ತ ನೋಡಿ, ಟ್ಯೂಬಿನ ಡಬ್ಬದ ರಟ್ಟು ಹರಿದು ‘ಪಂಚರ್ 100’ ಅಂತ ಬರೆದುಕೊಟ್ಟ. ‘ಸೀಲೆಲ್ಲೋ?’ ಅಂದಿದ್ದಕ್ಕೆ ಗ್ರೀಸು ಮೆತ್ತಿದ ಹೆಬ್ಬೆಟ್ಟನ್ನು ಅದರ ಮೇಲೆ ಒತ್ತಿದ. ಅಣ್ಣ ಅದು ಒಣಗುವವರೆಗೆ ಊದಿ ಊದಿ, ಅಪ್ಪನ ಸೈಕಲ್ ಬಿಲ್ಲೆಯ ಪಕ್ಕ ಇಟ್ಟುಕೊಂಡರು.