ಪೂರ್ವರಾತ್ರಿನ್ಯಾಯ: ಒಂದು ಹಿತ್ತಿಲ ಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ನಿರೂಪಿಸತಕ್ಕದ್ದೆಂದು ನಮ್ಮ ಪ್ರಾಚೀನರು ವಿಧಿಸಿರುವುದರಿಂದ, ಆ ಋಣವನ್ನು ತೀರಿಸಿಯೇ ಮುಂದುವರಿಯುತ್ತೇನೆ. ಆಗುಂಬೆಯ ಘಟ್ಟದ ಮೇಲ್ಭಾಗದಲ್ಲಿ, ಮುಂದೆ ಅಡಿಕೆಯ ತೋಟವೂ ಹಿಂದೆ ಸೊಪ್ಪಿನ ಬೆಟ್ಟವೂ ಉಳ್ಳ ಒಂದು ಹೆಂಚಿನ ಮನೆಯ ಸುತ್ತ ವರ್ಷದ ಹನ್ನೆರಡು ತಿಂಗಳೂ ಕಂಡುಬರುವ ಪಶು, ಪಕ್ಷಿ, ಕೀಟ, ವೃಕ್ಷ, ಲತಾದಿಗಳ ನಡತೆಯೇ ಇಲ್ಲಿಯ ವಿಷಯ. ಆ ನಡತೆಯೆಲ್ಲವೂ ಒಂದೇ ನಿಯಮಕ್ಕೆ ಅಧೀನವೆಂದು ತೋರಿಸಿಕೊಡುವುದು ಪ್ರಯೋಜನ. ಸಂಬಂಧವೆಂಬುದು ಗ್ರಂಥಕರ್ತನಿಗೂ ಅವನ ಹಿತ್ತಿಲಿನ ಹಲಸಿನ ಮರಕ್ಕೂ ಇರತಕ್ಕದ್ದು. ಅದು ಮೂವತ್ತು ವರ್ಷ ಹಳೆಯದು, ಮತ್ತು ಬಹುಮಟ್ಟಿಗೆ ಏಕಪಕ್ಷೀಯವಾದುದು. ಇನ್ನು ಅಧಿಕಾರಿ: ಮಧ್ಯಾಹ್ನದ ಊಟವಾದ ಮೇಲೆ ಜಗಲಿಯ ಆರಾಮಕುರ್ಚಿಯಲ್ಲಿ ಒರಗಿ, ಎಲೆಯಡಿಕೆ ಹಾಕಿಕೊಂಡು, ಮಾಡಬೇಕಾದ ಕೆಲಸಗಳನ್ನು ಮನಸ್ಸಿನಲ್ಲಿಯೇ ಎಣಿಸುತ್ತ ಅರೆಗಣ್ಣು ಮುಚ್ಚಬಲ್ಲವನು ಯಾವನೋ ಅವನೇ ಈ ಶಾಸ್ತ್ರಕ್ಕೆ ಅಧಿಕಾರಿ.

ನಿಯಮವು ಸೂತ್ರರೂಪದಲ್ಲಿ ಹೀಗಿದೆ: ‘ಶ್ವೋ ಲವನೀಯಮದ್ಯ ಲುಪ್ಯತೇ’. ಅರ್ಥಾತ್, ಯಾವ ಫಲವನ್ನು ಯಜಮಾನನು ನಾಳೆ ಕೊಯ್ಯಬೇಕೆಂದು ನಿಶ್ಚಯಿಸುವನೋ ಆ ಫಲವು ಇಂದಿನ ರಾತ್ರಿಯೇ ಲುಪ್ತವಾಗುತ್ತದೆ. ಇದಕ್ಕೆ ಪೂರ್ವರಾತ್ರಿನ್ಯಾಯವೆಂದು ನಾಮಕರಣ ಮಾಡಿದ್ದೇನೆ. ಸೂತ್ರವು ಸಂಸ್ಕೃತದಲ್ಲಿರುವುದಕ್ಕೆ ಕಾರಣವಿಷ್ಟೆ: ಕನ್ನಡದಲ್ಲಿ ಹೇಳಿದಾಗ ಮನೆಯಲ್ಲಿ ಯಾರೂ ಅದನ್ನು ಸಿದ್ಧಾಂತವೆಂದು ಒಪ್ಪಲಿಲ್ಲ, ಸಬೂಬು ಎಂದರು.

ಪೂರ್ವಸೂರಿಗಳನ್ನು ಸ್ಮರಿಸುವುದು ಶಿಷ್ಟಾಚಾರ. ಅವರ ಲೋಪವನ್ನು ಎತ್ತಿ ತೋರಿಸುವುದು ವಿದ್ವದಾಚಾರ. ಎರಡನ್ನೂ ಒಟ್ಟಿಗೇ ಮುಗಿಸುತ್ತೇನೆ. ಚಾಲುಕ್ಯರ ಕಾಲದಲ್ಲಿ, 1025ರಲ್ಲಿ, ‘ಲೋಕೋಪಕಾರ’ವನ್ನು ರಚಿಸಿದ ಇಮ್ಮಡಿ ಚಾವುಂಡರಾಯನು ಆ ಒಂದೇ ಗ್ರಂಥದಲ್ಲಿ ವೃಕ್ಷಾಯುರ್ವೇದವನ್ನೂ ಸೂಪಶಾಸ್ತ್ರವನ್ನೂ ಬೋಧಿಸಿರುವನಾದರೂ, ಫಲವು ವೃಕ್ಷದಿಂದ ಪಾಕಶಾಲೆಗೆ ಬರುವ ಮಾರ್ಗಮಧ್ಯದಲ್ಲಿ ಏನಾಗುವುದೆಂಬ ಮುಖ್ಯಾಂಶವನ್ನು ನಮ್ಮಂಥವರಿಗೆ ಬಿಟ್ಟಿದ್ದಾನೆ. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿ ಕುಳಿತು ತನ್ನ ಸುತ್ತಣ ಜೀವಸೃಷ್ಟಿಯನ್ನು ಪತ್ರರೂಪವಾಗಿ ವರ್ಣಿಸಿ 1789ರಲ್ಲಿ ಪ್ರಕಟಿಸಿದ ಪಾದ್ರಿ ಗಿಲ್ಬರ್ಟ್ ವೈಟನು ಈ ಪಂಥದ ಮೂಲಪುರುಷನೆಂದು ಪ್ರಸಿದ್ಧಿ. ಆದರೆ ಅವನು ಟಿಮೊಥಿಯೆಂಬ ಗಂಡು ಹೆಸರಿನಿಂದ ಕರೆದು ಸಾಕಿಕೊಂಡಿದ್ದ ಆಮೆಯು ಹೆಣ್ಣೆಂಬುದು ಅದು ಸತ್ತ ಮೇಲೆ ಪರೀಕ್ಷಿಸಿದವರಿಗೆ ಗೊತ್ತಾಯಿತಂತೆ. ಈ ಸಂಗತಿಯು ನನಗೆ ಅನೇಕ ಕಷ್ಟಕಾಲಗಳಲ್ಲಿ ಧೈರ್ಯವನ್ನು ತಂದಿದೆ. ನಮ್ಮ ಉತ್ತರ ಕನ್ನಡದ ಕಾಡುಗಳಲ್ಲಿ ಅಲೆದು ಬರೆದ ಇ. ಎಚ್. ಏಟ್ಕನ್ ಮಹಾಶಯನು ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ. ತನ್ನ ಬಂಗಲೆಯೊಳಗಣ ಇಲಿ, ಇರುವೆ, ಕಾಗೆಗಳನ್ನು ಗಡಿನಾಡಿನ ಬುಡಕಟ್ಟುಗಳಂತೆ ವಿನೋದವಾಗಿ ವರ್ಣಿಸಿ 1883ರಲ್ಲಿ ಪುಸ್ತಕ ಮಾಡಿದವನು. ಸುಂಕ ವಸೂಲಿಯ ಮರ್ಮವನ್ನು ಬಲ್ಲ ಇಂಥವನಿಗೂ, ಮೃಗಪಕ್ಷಿಗಳು ನಮ್ಮಿಂದ ಸುಂಕವನ್ನು ವಸೂಲು ಮಾಡುವ ದಿನ ಯಾವುದೆಂಬುದು ಹೊಳೆಯಲಿಲ್ಲ.

ಇನ್ನು ಕಾಲವಿಭಾಗ. ಶಾಸ್ತ್ರಗಳಲ್ಲಿ ಋತುಗಳು ಆರು. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ಅವು ಎರಡೇ: ಕೊಡೆ ಆರದಿರುವ ಋತು ಮತ್ತು ಕೊಡೆ ಎಲ್ಲಿದೆಯೆಂದು ಮರೆತುಹೋಗಿರುವ ಋತು. ಮೊದಲನೆಯದರ ಒಳಗೆ ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ ಮುಂತಾಗಿ, ಒಂದೊಂದೂ ಹದಿಮೂರು ಹದಿನಾಲ್ಕು ದಿನಗಳ ಮಳೆನಕ್ಷತ್ರಗಳು ಅಡಕವಾಗಿವೆ. ಈ ಋತುವಿನಲ್ಲಿ ಸೃಷ್ಟಿಯು ಯಜಮಾನನ ಅಪ್ಪಣೆಗಾಗಿ ಕಾಯುವುದಿಲ್ಲ. ಅಂಗಳದ ಅಂಚಿನಲ್ಲಿ ಚಗತೆ ಮೊಳೆಯುತ್ತದೆ. ಕೊಟ್ಟಿಗೆಯ ಹಿಂದೆ ಕೆಸುವು ಆನೆಯ ಕಿವಿಯಗಲಕ್ಕೆ ಹರಡುತ್ತದೆ. ಬಿದಿರಮೆಳೆಯಲ್ಲಿ ಕಳಲೆ ಒಂದು ರಾತ್ರಿಯಲ್ಲಿ ಗೇಣುದ್ದ ಏಳುತ್ತದೆ. ಹುತ್ತದ ಬುಡದಲ್ಲಿ ಅಣಬೆ ಬಿರಿಯುತ್ತದೆ. ಗೆದ್ದಲುಗಳು ತಮ್ಮ ಹುತ್ತದೊಳಗೆ ಶಿಲೀಂಧ್ರವನ್ನು ಬೇಸಾಯ ಮಾಡುವುದರ ಫಲವೇ ಅದೆಂದು ಬಲ್ಲವರು ಹೇಳುತ್ತಾರೆ. ಸಂಜೆ ಮೊಗ್ಗಾಗಿ ಕಂಡ ಅಣಬೆಯನ್ನು ಬೆಳಿಗ್ಗೆ ಬುಟ್ಟಿ ಹಿಡಿದು ಅರಸಿ ಹೋದರೆ ಅಲ್ಲಿ ಹಸಿಮಣ್ಣಿನ ಗುಳಿ ಮಾತ್ರವೇ ಉಳಿದಿರುತ್ತದೆ. ಈ ಅಪಹಾರವನ್ನು ಮಾಡುವ ಪ್ರಾಣಿಯು ದ್ವಿಪಾದಿ, ಕಂಬಳಿಕೊಪ್ಪೆಯನ್ನು ಧರಿಸತಕ್ಕದ್ದು, ಬೇಲಿಯಾಚೆಗಿನ ಮನೆಯಲ್ಲಿ ವಾಸಿಸತಕ್ಕದ್ದು. ದಾಕ್ಷಿಣ್ಯದ ನಿಮಿತ್ತ ಅದರ ವರ್ಗೀಕರಣವನ್ನು ಇಲ್ಲಿ ಕೈಬಿಟ್ಟಿದ್ದೇನೆ.

ಇದೇ ಋತುವಿನ ಇಂಬಳವು ನ್ಯಾಯಕ್ಕೆ ಅಪವಾದವೆಂದು ಕೆಲವರು ಆಕ್ಷೇಪಿಸಬಹುದು. ಏಕೆಂದರೆ ಅದು ಯಾವ ಫಲವನ್ನೂ ಮುಟ್ಟುವುದಿಲ್ಲ. ಆದರೆ ಇಂಬಳದ ದೃಷ್ಟಿಯಲ್ಲಿ ಫಲವೆಂದರೆ ಯಜಮಾನನೇ ಎಂಬುದನ್ನು ಗಮನಿಸಿದರೆ ಆಕ್ಷೇಪವು ಪರಿಹಾರವಾಗುತ್ತದೆ. ಅದು ಕಚ್ಚಿದ್ದು ತಿಳಿಯುವುದಿಲ್ಲ. ಕುಡಿದು ಕಳಚಿಕೊಂಡ ಮೇಲೆಯೂ, ಅದರ ಜೊಲ್ಲು ರಕ್ತವನ್ನು ಹೆಪ್ಪುಗಟ್ಟಗೊಡದ ಕಾರಣ, ಗಾಯವು ಬಹಳ ಹೊತ್ತು ಸೋರುತ್ತದೆ. ನಾಳೆಯಿಂದ ಸುಣ್ಣ ಹೊಗೆಸೊಪ್ಪುಗಳನ್ನು ಕಾಲಿಗೆ ಸವರಿಕೊಂಡೇ ತೋಟಕ್ಕೆ ಇಳಿಯಬೇಕೆಂದು ನಿಶ್ಚಯಿಸಿದ ದಿನವೇ ನನ್ನ ಎರಡು ಕಾಲುಗಳಲ್ಲಿ ಹನ್ನೊಂದು ಇಂಬಳಗಳಿದ್ದುವು.

ಚಳಿಗಾಲದಲ್ಲಿ ಅತಿಥಿಗಳ ಆಗಮನ. ಹಿಮಾಲಯದ ಕಡೆಯಿಂದ ಬರುವ ಬೂದು ಸಿಪಿಲೆಯು ಅಬ್ಬಿಯ ನೀರಿನ ಬಳಿ ಬಾಲವನ್ನು ಕುಣಿಸುತ್ತ ಓಡಾಡುತ್ತದೆ. ನವರಂಗವು ತೋಟದ ತರಗೆಲೆಯನ್ನು ಕೆದಕುತ್ತದೆ. ಅಡಿಕೆಯ ಕೊನೆ ಕೊಯ್ಲೂ ಆಗಲೇ. ಬಾವಲಿಗಳು ಹಣ್ಣಡಿಕೆಯ ಸಿಪ್ಪೆಯನ್ನು ಚೀಪಿ ಅಡಿಕೆಯನ್ನು ಅಲ್ಲಲ್ಲಿ ಉದುರಿಸಿ ಹೋಗುತ್ತವೆ. ಅವುಗಳನ್ನು ಹೆಕ್ಕಿ ಮಾರಿದ ಹಣವು ಮಕ್ಕಳಿಗೆ ಸಲ್ಲತಕ್ಕದ್ದೆಂಬುದು ನಮ್ಮ ಮನೆಯ ಹಳೆಯ ಕಟ್ಟಳೆ. ಅಟ್ಟದ ಮೇಲೆ ಬಾಡಿಗೆಯಿಲ್ಲದೆ ಬಿಡಾರ ಮಾಡಿರುವ ಕಬ್ಬೆಕ್ಕು ತೋಟದ ನಡುವಣ ನಾಲ್ಕು ಕಾಫಿ ಗಿಡಗಳಲ್ಲಿ ಅತ್ಯಂತ ಪಕ್ವವಾದ ಹಣ್ಣುಗಳನ್ನೇ ಆಯ್ದು ತಿಂದು, ಬೀಜಗಳನ್ನು ಬೇರೊಂದು ಮಾರ್ಗವಾಗಿ ಹಿಂದಿರುಗಿಸುತ್ತದೆ. ಅಂಥ ಬೀಜಗಳಿಗೆ ಪಟ್ಟಣಗಳಲ್ಲಿ ವಿಶೇಷ ಬೆಲೆಯುಂಟೆಂದು ಕೇಳಿದಂದಿನಿಂದ ನಾನು ಆ ಬಿಡಾರದ ವಿಷಯದಲ್ಲಿ ಮೃದುವಾಗಿದ್ದೇನೆ, ನಾಳೆ ಹೆಕ್ಕಿಸಬೇಕು.

ಬೇಸಿಗೆಯೇ ಈ ಶಾಸ್ತ್ರದ ಉತ್ತರಕಾಂಡ. ಕಾಗೆಯು ಕಷ್ಟಪಟ್ಟು ಕಟ್ಟಿದ ಗೂಡಿನಲ್ಲಿ ಕೋಗಿಲೆಯು ಮೊಟ್ಟೆಯಿಟ್ಟು, ಮಗುವಿನ ಪೋಷಣೆಯನ್ನು ಆ ಬಡಪಾಯಿಗೇ ಒಪ್ಪಿಸಿ, ತಾನು ಸಂಗೀತಕ್ಕೆ ಹೊರಡುವ ಕಾಲವದು. ಹಲಸಿನ ಪರಿಮಳವು ಬೆಟ್ಟದವರೆಗೆ ಹಬ್ಬುವ ಕಾಲವೂ ಅದೇ. ಹಣ್ಣನ್ನು ಬೆರಳಿನಿಂದ ತಟ್ಟಿ, ಧ್ವನಿಯನ್ನು ಆಲಿಸಿ, ಮುಳ್ಳಿನ ಅಗಲವನ್ನು ಪರೀಕ್ಷಿಸಿ, ‘ನಾಳೆ ಇಳಿಸೋಣ’ ಎಂದು ನಾನು ಉಚ್ಚರಿಸಿದರೆ ತೀರಿತು. ಮಾರನೆಯ ಪ್ರಾತಃಕಾಲ ಮರದಲ್ಲಿ ಬರಿಯ ದಿಂಡು ನೇತಾಡುತ್ತಿರುತ್ತದೆ, ಕೆಳಗೆ ಸೊಳೆಯಿಲ್ಲದ ಬೀಜಗಳು ಚೆಲ್ಲಿರುತ್ತವೆ. ಮಂಗಗಳು ಹಗಲಿನ ಪ್ರಾಣಿಗಳಾಗಿರುವಾಗ ಪೂರ್ವರಾತ್ರಿ ಎನ್ನುವುದು ಹೇಗೆ ಸಲ್ಲುವುದೆಂದು ಶಂಕಿಸಬಾರದು. ಯಜಮಾನನು ಹಾಸಿಗೆಯಿಂದ ಏಳುವವರೆಗಿನ ಕಾಲವೆಲ್ಲವೂ ರಾತ್ರಿಯೆಂಬುದು ಈ ಶಾಸ್ತ್ರದ ಪರಿಭಾಷೆ.

ಕೇವಲ ಪ್ರತ್ಯಕ್ಷದಿಂದ ತೃಪ್ತನಾಗದೆ ಮೂರು ಪ್ರಯೋಗಗಳನ್ನು ನಡೆಸಿದೆನು. ಮೊದಲನೆಯದು ಅಕ್ಷರಪ್ರಯೋಗ. ಮನೆಯ ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದಿಟ್ಟರೆ ದೆವ್ವವು ಅದನ್ನು ಓದಿಕೊಂಡು ಹಿಂದಿರುಗುವುದೆಂಬ ನಂಬಿಕೆ ನಮ್ಮ ನಾಡಿನಲ್ಲಿ ಉಂಟಷ್ಟೆ. ಅದೇ ವಾಕ್ಯವನ್ನು ಇದ್ದಿಲಿನಿಂದ ಹಲಸಿನ ಬೊಡ್ಡೆಯ ಮೇಲೆ ದಪ್ಪಕ್ಷರಗಳಲ್ಲಿ ಬರೆದೆನು. ಮಂಗಗಳು ಆ ದಿನವೇ ಬಂದುವು. ದೆವ್ವಗಳಲ್ಲಿ ಸಾಕ್ಷರತೆಯು ಮಂಗಗಳಿಗಿಂತ ಮುಂದುವರಿದಿದೆಯೆಂಬ ಉಪಸಿದ್ಧಾಂತವು ಇದರಿಂದ ಲಭಿಸಿತು. ಎರಡನೆಯದು ವಂಚನಾಪ್ರಯೋಗ. ಸಂಜೆ ಅಂಗಳದಲ್ಲಿ ನಿಂತು, ‘ನಾಳೆ ಹಲಸು ಕೊಯ್ಯುವುದಿಲ್ಲ’ ಎಂದು ಗಟ್ಟಿಯಾಗಿ ಸಾರಿದೆನು. ಒಳಗೊಳಗೆ ಮಾತ್ರ ಕೊಯ್ಯುವ ಸಂಕಲ್ಪವಿತ್ತು. ಹಣ್ಣು ಹೋಯಿತು. ಪ್ರಾಣಿಗಳು ಮಾತನ್ನಲ್ಲ, ಸಂಕಲ್ಪವನ್ನೇ ಓದುತ್ತವೆಂದು ಸಿದ್ಧವಾಯಿತು.

ಮೂರನೆಯದು ವ್ಯತಿರೇಕಪ್ರಯೋಗ, ಇದಕ್ಕೆ ತುಸು ರಾಜಕೀಯ ಸಸ್ಯಶಾಸ್ತ್ರದ ಪರಿಚಯವು ಆವಶ್ಯಕ. ನಮ್ಮ ಬೇಲಿಯಾಚೆ ಆಳುದ್ದಕ್ಕೆ ಬೆಳೆದಿರುವ ಕಳೆಗೆ ಜನರು ಕಮ್ಯುನಿಸ್ಟ್ ಗಿಡವೆನ್ನುತ್ತಾರೆ. ಬಯಲುಸೀಮೆಯ ನನ್ನ ಭಾವನ ಹೊಲವನ್ನು ಆಕ್ರಮಿಸಿರುವ ಬಿಳಿ ಹೂವಿನ ಕಳೆಗೆ ಕಾಂಗ್ರೆಸ್ ಹುಲ್ಲೆನ್ನುತ್ತಾರೆ. ಇವೆರಡು ಪಕ್ಷಗಳೂ ಮೂಲತಃ ಅಮೆರಿಕ ಖಂಡದಿಂದ ಬಂದುವೆಂಬುದು ಇತಿಹಾಸಕಾರರು ಆಲೋಚಿಸಬೇಕಾದ ವಿಷಯ. ಲಂಟಾನವೂ ಆ ಕಡೆಯದೇ. ಅಲಂಕಾರಕ್ಕೆಂದು ಬಂದು ಅಧಿಕಾರಕ್ಕೆ ನಿಂತದ್ದು. ಆಫ್ರಿಕದ ದೈತ್ಯ ಬಸವನಹುಳುವನ್ನು 1847ರಲ್ಲಿ ಕಲ್ಕತ್ತೆಗೆ ತಂದುಬಿಟ್ಟವನಾದರೋ ಶಂಖಜೀವಿಗಳನ್ನು ಅಭ್ಯಸಿಸುತ್ತಿದ್ದ ಒಬ್ಬ ವಿದ್ವಾಂಸ. ವಿದ್ವಾಂಸರು ಏನನ್ನೂ ಮಾಡದೆ ಜಗಲಿಯಲ್ಲಿ ಕುಳಿತಿರುವುದೇ ಲೋಕಕ್ಕೆ ಕ್ಷೇಮಕರವೆಂಬ ನನ್ನ ವಾದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ. ಪ್ರಕೃತಕ್ಕೆ ಬಂದರೆ, ‘ನಾಳೆ ಕಮ್ಯುನಿಸ್ಟ್ ಗಿಡವನ್ನು ಸಮೂಲವಾಗಿ ಕಡಿದು ಒಯ್ಯುತ್ತೇನೆ’ ಎಂದು ಮೂರು ಸಂಜೆಗಳು ಯಥಾರ್ಥ ಸಂಕಲ್ಪದಿಂದಲೇ ಸಾರಿದೆನು. ಯಾವ ಪ್ರಾಣಿಯೂ ಅದರ ಒಂದೆಲೆಯನ್ನಾದರೂ ಕದಿಯಲಿಲ್ಲ. ಅದು ಈಗಲೂ ಅಲ್ಲಿಯೇ ಇದೆ.

ಇಷ್ಟಾದ ಮೇಲೆ ಪೂರ್ವಪಕ್ಷವನ್ನು ಎತ್ತಿಕೊಳ್ಳಬೇಕು. ಪೂರ್ವಪಕ್ಷಿಗಳು ಇಬ್ಬರು. ಒಬ್ಬನು ನಮ್ಮ ಕೊನೆಗಾರ. ‘ಅಯ್ಯಾ, ನಿಮ್ಮ ಬಾಯಲ್ಲಿ ನಾಳೆ ಅಂತ ಬಂತು ಅಂದ್ರೆ ನಾನು ಹಗ್ಗ ತರೋದೇ ಇಲ್ಲ’ ಎಂಬುದು ಅವನ ಮತ. ಇದು ನ್ಯಾಯದ ಖಂಡನೆಯೋ ಮಂಡನೆಯೋ ಎಂಬುದು ಸಂದಿಗ್ಧವಾದ್ದರಿಂದ ಬಿಟ್ಟಿದ್ದೇನೆ. ಎರಡನೆಯವರು ನಮ್ಮ ಅಮ್ಮ. ನನ್ನ ಸೂತ್ರವನ್ನೂ ಭಾಷ್ಯವನ್ನೂ ಪೂರ್ತಿ ಕೇಳಿ, ಕೈಯಲ್ಲಿದ್ದ ಹಲಸಿನ ಕಾಯಿಯ ಮೇಣವನ್ನು ಎಣ್ಣೆ ಹಚ್ಚಿ ಒರೆಸಿಕೊಳ್ಳುತ್ತ, ‘ಮಂಗ ನಾಳೆ ಅಂತ ಕೂರೋದಿಲ್ಲ ಮಾರಾಯ, ನೀನು ಕೂರ್ತೀಯ, ಅಷ್ಟೇ’ ಎಂದರು.

ಶಬ್ದಪ್ರಮಾಣವನ್ನು ತಳ್ಳಿಹಾಕುವುದು ಸುಲಭವಲ್ಲ. ಅಮ್ಮನ ಶಬ್ದವನ್ನಂತೂ ಅಲ್ಲವೇ ಅಲ್ಲ. ಆ ದಿನ ಅಡುಗೆಮನೆಯನ್ನು ಮೊತ್ತಮೊದಲಿಗೆ ಶಾಸ್ತ್ರದೃಷ್ಟಿಯಿಂದ ಅವಲೋಕಿಸಿದೆನು. ಭರಣಿಯಲ್ಲಿ ಮಾವಿನ ಮಿಡಿ ಉಪ್ಪಿನಲ್ಲಿ ಮುರುಟುತ್ತಿತ್ತು; ಮಾವು ಹಣ್ಣಾಗುವುದಕ್ಕೆ ತಿಂಗಳುಗಟ್ಟಲೆ ಮುಂಚೆಯೇ ಕೊಯ್ದದ್ದು. ಒಲೆಯ ಮೇಲೆ ಹಲಸಿನ ಗುಜ್ಜೆಯ ಪಲ್ಯ. ಅಂಗಳದ ಚಾಪೆಯ ಮೇಲೆ ಬಲಿತ ಕಾಯಿಯ ಹಪ್ಪಳ, ಕಾಗೆಯನ್ನು ಅಟ್ಟಲು ಕೋಲು ಹಿಡಿದ ಮೊಮ್ಮಗಳು. ಮಳೆಗಾಲದಲ್ಲಿ ತಿಂದ ಕಳಲೆ ಬಿದಿರಾಗುವ ಮೊದಲೇ ಬಂದದ್ದು, ಚಗತೆ ನಾಲ್ಕೆಲೆ ಬಿಡುವ ಮೊದಲೇ. ಮಲೆನಾಡಿನ ರುಚಿಯೆಲ್ಲವೂ ಎಳೆಯದರಲ್ಲಿ, ಹುಳಿಯದರಲ್ಲಿ, ಒಗರಿನಲ್ಲಿ ಏಕೆ ನೆಲೆಸಿದೆಯೆಂಬ ಪ್ರಶ್ನೆಗೆ ಉತ್ತರವು ಅಲ್ಲಿ ಸಾಲಾಗಿ ಕುಳಿತಿತ್ತು. ಹಣ್ಣು ಕಾಡಿನದೆಂದು ನಮ್ಮ ಹೆಂಗಸರು ಎಂದೋ ಒಪ್ಪಂದ ಮಾಡಿಕೊಂಡು, ಮಿಡಿಯನ್ನೂ ಕಾಯನ್ನೂ ಮನೆಗೆ ಬರೆಸಿಕೊಂಡುಬಿಟ್ಟಿದ್ದಾರೆ. ಪೂರ್ವರಾತ್ರಿನ್ಯಾಯವನ್ನು ಅವರು ನನಗಿಂತ ನೂರಾರು ವರ್ಷ ಮುಂಚೆಯೇ ಕಂಡುಹಿಡಿದಿದ್ದರು. ಸೂತ್ರ ಬರೆಯುವ ಬದಲು ಉಪ್ಪಿನಕಾಯಿ ಹಾಕಿದ್ದರು.

ಒಂದು ವಿಷಯದಲ್ಲಿ ಮಾತ್ರ ಈ ಉಪಾಯವೂ ಸಾಗದು. ಮುಂಗಾರು ಹಿಡಿಯುವುದಕ್ಕೆ ಮುಂಚಿನ ಕೆಲವು ರಾತ್ರಿ ತೋಟದಂಚಿನ ಮರಗಳಲ್ಲಿ ಮಿಂಚುಹುಳುಗಳು ಸಾವಿರಗಟ್ಟಲೆ ಮಿನುಗುತ್ತವೆ. ಅವು ನನ್ನಿಂದ ಏನನ್ನೂ ಕದ್ದವಲ್ಲ. ಮೊಮ್ಮಗಳು ನಿದ್ದೆ ಹೋಗಿದ್ದುದರಿಂದ, ನಾಳೆ ಎಬ್ಬಿಸಿ ತೋರಿಸೋಣವೆಂದುಕೊಂಡು ನಾನೊಬ್ಬನೇ ನೋಡಿ ಮಲಗಿದೆನು. ಮಾರನೆಯ ಸಂಜೆ ಮಳೆ ಬಂತು. ಹತ್ತು ದಿನ ಬಿಡಲಿಲ್ಲ. ಬೆಳಕನ್ನು ಮಿಡಿಯಲ್ಲಿ ಕೊಯ್ದು ಉಪ್ಪು ಹಾಕಿಡುವ ವಿದ್ಯೆ ಅಮ್ಮನಿಗೂ ತಿಳಿಯದು.

ಉಪಸಂಹಾರ. ಆರು ಅಧ್ಯಾಯಗಳ ಮೂಲಗ್ರಂಥವನ್ನು ಶುದ್ಧಪ್ರತಿ ಮಾಡಿ, ನಾಳೆಯ ಅಂಚೆಗೆ ಅಚ್ಚುಕೂಟಕ್ಕೆ ಕಳುಹಿಸಬೇಕೆಂದು ಗೋಡೆಯ ಗೂಡಿನಲ್ಲಿ ಇರಿಸಿದ್ದೆನು. ಬೆಳಿಗ್ಗೆ ತೆಗೆದು ನೋಡಿದರೆ ಐದು ಅಧ್ಯಾಯಗಳನ್ನು ಗೆದ್ದಲು ತಿಂದು ಮಣ್ಣು ತುಂಬಿತ್ತು. ವಾಚಕರು ಈಗ ಓದಿದ್ದು ನೆನಪಿನಿಂದ ಬರೆದ ಸಂಗ್ರಹ. ಗೆದ್ದಲು ಮುಟ್ಟದೆ ಬಿಟ್ಟ ಆರನೆಯ ಅಧ್ಯಾಯವು ಗೆದ್ದಲನ್ನೇ ಕುರಿತದ್ದು. ವಿಷಯವನ್ನು ಬಲ್ಲವರು ಅದನ್ನು ಮುಟ್ಟದಿರುವಾಗ ಅದರಲ್ಲಿ ಸಾರವಿಲ್ಲವೆಂದೇ ಅರ್ಥವೆಂದು ಮನೆಯಾಕೆ ಹೇಳುತ್ತಾಳಾದ್ದರಿಂದ, ಅದನ್ನು ಇಲ್ಲಿ ಸೇರಿಸಿಲ್ಲ.